ಹಾಪ್ಕಿನ್ಸ್ ಮನೆತನದ ಮೂಲ ಯಾವ ಊರು?

ಓದುಗರ ಪತ್ರ (ಸಂಕ್ಷಿಪ್ತವಾಗಿ): ನನ್ನ ಮಗಳು ಮಸಾಚುಸೆಟ್ಸ್‌ನಲ್ಲಿದ್ದಾಳೆ, ಅಳಿಯ ಅಲ್ಲಿಯವನೇ. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಬಂದ ಸ್ಟೀಫನ್ ಹಾಪ್ಕಿನ್ಸ್ ತಮ್ಮ ಮೂಲಪುರುಷ ಎಂದು ಬೀಗರು ಹೇಳುತ್ತಾರೆ. ಅವರ ಬಳಿ ಇರುವ ಹಳೆಯ ವಂಶವೃಕ್ಷದಲ್ಲಿ ಆತ ಗ್ಲಾಸ್ಟರ್‌ಶೈರ್‌ನ ವರ್ಟ್ಲಿಯವನು, ಹೆಂಡತಿ ಕಾನ್‌ಸ್ಟನ್ಸ್ ಡಡ್ಲಿ. ಮೊಮ್ಮಗಳು ಶಾಲೆಯ ಕೆಲಸಕ್ಕೆಂದು ಹುಡುಕಿದಾಗ ಹ್ಯಾಂಪ್‌ಶೈರ್ ಎಂದೂ ಹೆಂಡತಿ ಮೇರಿ ಎಂದೂ ಸಿಕ್ಕಿತು. ಮಗ ಜೈಲ್ಸ್‌ನ ವರ್ಷ ಒಂದು ಕಡೆ 1607, ಇನ್ನೊಂದು ಕಡೆ 1608. ಯಾವುದನ್ನು ನಂಬಬೇಕು? — ಮೈಸೂರಿನ ಓದುಗರೊಬ್ಬರು

ಸಂಪಾದಕರ ಉತ್ತರ:

ಮೊಮ್ಮಗಳನ್ನು ನಂಬಿ. ಆದರೆ ಬೀಗರ ಮೇಲೆ ಗೆದ್ದೆವೆಂದು ಬೀಗಬೇಡಿ. ಅವರ ವೃಕ್ಷದಲ್ಲಿರುವುದನ್ನೇ ಬಹಳ ಕಾಲ ಅನೇಕ ವಂಶಾವಳಿಗಾರರೂ ಬರೆದುಕೊಂಡು ಬಂದಿದ್ದರು.

ವರ್ಟ್ಲಿಯ ಕಥೆಗೆ ಇದ್ದ ಆಧಾರ ಹೆಸರಿನ ಹೋಲಿಕೆಗಿಂತ ಹೆಚ್ಚಿನದಲ್ಲ. ಹಾಪ್ಕಿನ್ಸ್ ಎಂಬುದು ಇಂಗ್ಲೆಂಡಿನಲ್ಲಿ ಅಪರೂಪದ ಮನೆತನವಲ್ಲ, ಸ್ಟೀಫನ್ ಅಪರೂಪದ ಹೆಸರೂ ಅಲ್ಲ. ಹಡಗಿನಲ್ಲಿ ಬಂದ ಮಗಳ ಹೆಸರು ಕಾನ್‌ಸ್ಟನ್ಸ್, ಹಾಗಾಗಿ ತಾಯಿಯೂ ಕಾನ್‌ಸ್ಟನ್ಸ್ ಆಗಿದ್ದಿರಬೇಕು ಎಂಬ ಊಹೆ ಡಡ್ಲಿ ಮನೆಯ ಹೆಣ್ಣನ್ನು ತಂದು ಕೂರಿಸಿತು. ಒಬ್ಬನ ಹೆಸರನ್ನಷ್ಟೇ ಹಿಡಿದು ಹುಡುಕಿದರೆ ಬೇಕಾದಷ್ಟು ಜನ ಸಿಗುತ್ತಾರೆ. ಇಡೀ ಕುಟುಂಬವನ್ನು ಹುಡುಕಬೇಕು.

ಕುಟುಂಬದ ಚಿತ್ರ ನಮಗೆ ಸಿಗುವುದು, ಆ ಹಡಗಿನವರು ಮಸಾಚುಸೆಟ್ಸ್‌ನಲ್ಲಿ ಕಟ್ಟಿಕೊಂಡ ಪ್ಲಿಮತ್ ವಸಾಹತಿನ ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ ಬರೆದಿಟ್ಟ ಪ್ರಯಾಣಿಕರ ಪಟ್ಟಿಯಲ್ಲಿ. ಸ್ಟೀಫನ್, ಹೆಂಡತಿ ಎಲಿಜಬೆತ್, ಹಿಂದಿನ ಹೆಂಡತಿಯ ಮಕ್ಕಳಾದ ಜೈಲ್ಸ್ ಮತ್ತು ಕಾನ್‌ಸ್ಟನ್ಸ್, ಎಲಿಜಬೆತ್‌ಳ ಮಕ್ಕಳಾದ ಡ್ಯಾಮರಿಸ್ ಮತ್ತು ನಡುಗಡಲಿನಲ್ಲಿ ಹುಟ್ಟಿದ ಓಷಿಯಾನಸ್, ಜೊತೆಗೆ ಇಬ್ಬರು ಆಳುಗಳು. ಅಂದರೆ ಇಂಗ್ಲೆಂಡಿನ ಯಾವುದಾದರೂ ಚರ್ಚಿನ ಪುಸ್ತಕದಲ್ಲಿ ಸ್ಟೀಫನ್ ಹಾಪ್ಕಿನ್ಸ್‌ನ ಮಕ್ಕಳಾಗಿ ಕಾನ್‌ಸ್ಟನ್ಸ್ ಮತ್ತು ಜೈಲ್ಸ್ ಒಟ್ಟಿಗೆ ಸಿಗಬೇಕು. 1538ರಲ್ಲಿ ರಾಜ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್‌ನ ಆಜ್ಞೆಯಾದ ಮೇಲೆ ಪ್ರತಿ ಪ್ಯಾರಿಷ್‌ನ (ಒಂದು ಚರ್ಚಿಗೆ ಸೇರಿದ ಪ್ರದೇಶದ) ಪಾದ್ರಿ ಜ್ಞಾನಸ್ನಾನ (ಮಗುವಿಗೆ ಚರ್ಚಿನಲ್ಲಿ ಕೊಡುವ ದೀಕ್ಷೆ), ಮದುವೆ, ಸಮಾಧಿಗಳನ್ನು ಬರೆದಿಡಬೇಕಾಗಿತ್ತು. ಎಷ್ಟೋ ಪುಸ್ತಕಗಳು ಹಾಳಾದರೂ ಉಳಿದವು ಸಾಕಷ್ಟಿವೆ.

1998ರಲ್ಲಿ ಕೇಲಬ್ ಜಾನ್ಸನ್ ಎಂಬ ಸಂಶೋಧಕರು ಪ್ರಕಟಿಸಿದ್ದು ಇದನ್ನೇ. ಹ್ಯಾಂಪ್‌ಶೈರ್‌ನಲ್ಲಿ ವಿಂಚೆಸ್ಟರ್ ಬಳಿಯ ಹರ್ಸ್ಲಿ ಎಂಬ ಹಳ್ಳಿಯ ದಾಖಲೆಯಲ್ಲಿ ಸ್ಟೀಫನ್‌ನ ಮಕ್ಕಳಾಗಿ ಎಲಿಜಬೆತ್ (ಹೆಂಡತಿಯಲ್ಲ, ಅದೇ ಹೆಸರಿನ ಮಗಳು), ಕಾನ್‌ಸ್ಟನ್ಸ್, ಜೈಲ್ಸ್ ಮೂವರೂ ಸಿಕ್ಕರು. ಕಾನ್‌ಸ್ಟನ್ಸ್‌ಳ ಜ್ಞಾನಸ್ನಾನ 1606ರ ಮೇ 11. ಅವರ ತಾಯಿ ಮೇರಿ 1613ರ ಮೇ ತಿಂಗಳಲ್ಲಿ ಅಲ್ಲೇ ಮಣ್ಣಾಗಿದ್ದಾಳೆ. ಎಲಿಜಬೆತ್ ಫಿಶರ್ ಜೊತೆಗಿನ ಮರುಮದುವೆ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ, 1618ರ ಫೆಬ್ರವರಿಯಲ್ಲಿ. ಬ್ರಾಡ್‌ಫರ್ಡ್ ಹೇಳಿದ ‘ಹಿಂದಿನ ಹೆಂಡತಿ’ಗೆ ಹೀಗೆ ಹೆಸರು, ಊರು, ಸಾವಿನ ಕಾಲ ಮೂರೂ ದೊರೆತವು. ಸ್ಟೀಫನ್‌ನ ಸ್ವಂತ ಜ್ಞಾನಸ್ನಾನವನ್ನು ಆ ಬಳಿಕ ಅದೇ ಜಿಲ್ಲೆಯ ಅಪ್ಪರ್ ಕ್ಲಾಟ್‌ಫರ್ಡ್‌ನಲ್ಲಿ, 1581ರ ಏಪ್ರಿಲ್ 30ಕ್ಕೆ ಗುರುತಿಸಿದ್ದಾರೆ. ಈ ಕೊಂಡಿ ಹರ್ಸ್ಲಿಯಷ್ಟು ಗಟ್ಟಿಯಲ್ಲ. ಮೊಮ್ಮಗಳು ಪಕ್ಕದಲ್ಲಿ ‘ಬಹುಶಃ’ ಎಂದು ಬರೆಯಲಿ.

ಜೈಲ್ಸ್‌ನ ವರ್ಷದ ಗೊಂದಲ ಸುಲಭ. ಪುಸ್ತಕದ ಪ್ರಕಾರ ಅವನ ಜ್ಞಾನಸ್ನಾನ 1607ರ ಜನವರಿ 30. ಆ ಕಾಲದ ಇಂಗ್ಲೆಂಡಿನಲ್ಲಿ ವರ್ಷ ಬದಲಾಗುತ್ತಿದ್ದುದು ಮಾರ್ಚ್ 25ಕ್ಕೆ. ಜನವರಿ 1ಕ್ಕೆ ಬಂದದ್ದು 1752ರಲ್ಲಿ. ಯುಗಾದಿಗೆ ಸಂವತ್ಸರ ಬದಲಿಸುವ ನಮಗೆ ಇದು ವಿಚಿತ್ರವೇನಲ್ಲ. ನಮ್ಮ ಇಂದಿನ ಲೆಕ್ಕಕ್ಕೆ ಅದು 1608. ಎರಡನ್ನೂ ತೋರಿಸಲು 1607/8 ಎಂದು ಬರೆಯುವುದು ರೂಢಿ. ಇದು ಜನ್ಮದಿನವಲ್ಲ ಎಂಬುದೂ ನೆನಪಿರಲಿ.

ಈ ಮನುಷ್ಯನ ಜೀವನವನ್ನು ಒಂದಿಷ್ಟು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1609ರಲ್ಲಿ ವರ್ಜೀನಿಯಾಕ್ಕೆ ಹೊರಟ ಸೀ ವೆಂಚರ್ ಹಡಗು ಬರ್ಮುಡಾದಲ್ಲಿ ಒಡೆಯಿತು. ಬದುಕುಳಿದವರಲ್ಲಿ ಪಾದ್ರಿಯ ಗುಮಾಸ್ತನಾಗಿದ್ದ ಸ್ಟೀಫನ್ ಹಾಪ್ಕಿನ್ಸ್ ಒಬ್ಬ. ಹಡಗೇ ಒಡೆದ ಮೇಲೆ ಗವರ್ನರನ ಅಧಿಕಾರವೂ ಮುಗಿಯಿತು ಎಂದು ವಾದ ಹೂಡಿ, ದಂಗೆಯ ಆರೋಪದಲ್ಲಿ ಮರಣದಂಡನೆಗೆ ಗುರಿಯಾದ. ಹೆಂಡತಿ ಮಕ್ಕಳು ಹಾಳಾಗುತ್ತಾರೆಂದು ಗೋಳಿಟ್ಟು ಕ್ಷಮೆ ಪಡೆದನೆಂದು ಸಹಪ್ರಯಾಣಿಕ ವಿಲಿಯಂ ಸ್ಟ್ರೇಚಿ ಬರೆದಿದ್ದಾನೆ. ಆ ಹೊತ್ತಿಗೆ ಹರ್ಸ್ಲಿಯಲ್ಲಿ ಮೇರಿ ಮತ್ತು ಮೂರು ಎಳೆಯ ಮಕ್ಕಳಿದ್ದರು! ಬರ್ಮುಡಾದವನೂ ಮೇಫ್ಲವರಿನವನೂ ಒಬ್ಬನೇ ಎಂಬ ಮಾತಿಗೆ ಇದು ಬಲ ಕೊಡುತ್ತದೆ. ಪ್ಲಿಮತ್‌ನಲ್ಲಿ, ಅಮೆರಿಕದ ಮೂಲನಿವಾಸಿಗಳ ಪರಿಚಯ ಮೊದಲೇ ಇದ್ದವನಿಗೆಂಬಂತೆ ಅವನಿಗೆ ವಹಿಸಿದ ಕೆಲಸಗಳೂ ಇದಕ್ಕೆ ಹೊಂದುತ್ತವೆ: 1621ರ ಮಾರ್ಚ್‌ನಲ್ಲಿ ವಸಾಹತಿಗೆ ಬಂದ ಮೂಲನಿವಾಸಿ ಸಮೋಸೆಟ್‌ನನ್ನು ರಾತ್ರಿ ಇರಿಸಿಕೊಂಡದ್ದು ಹಾಪ್ಕಿನ್ಸ್ ಮನೆಯಲ್ಲಿ, ಅದೇ ಬೇಸಿಗೆಯಲ್ಲಿ ಸಹವಸಾಹತುಗಾರ ಎಡ್ವರ್ಡ್ ವಿನ್ಸ್ಲೋ ಜೊತೆ, ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರ ನಾಯಕ ಮಸಸಾಯ್ಟ್‌ನ ಬಳಿಗೆ ಹೋದವನೂ ಇವನೇ. ಶಾಲೆಯ ಕೆಲಸದಲ್ಲಿ ವಾಂಪನೋಗ್ ಜನರ ಹೆಸರೂ ಇರಲಿ. ಹಾಪ್ಕಿನ್ಸ್ ಮನೆ ಕಟ್ಟಿಕೊಂಡದ್ದು ಅವರ ನೆಲದಲ್ಲಿ.

ಅಮೆರಿಕದ ಕಡೆ 1644ರ ಉಯಿಲು ಇದೆ. ಮಗ ಜೈಲ್ಸ್‌ಗೆ ದೊಡ್ಡ ಗೂಳಿ, ಆ ಗೂಳಿಯ ಬಾಡಿಗೆಯಾಗಿ ವಾರೆನ್ ಎಂಬ ಹೆಂಗಸಿನಿಂದ ಬರಬೇಕಿದ್ದ 20 ಷಿಲಿಂಗ್ ಜೈಲ್ಸ್‌ನ ಮಗನಿಗೆ, ನಿಕೊಲಸ್ ಸ್ನೋನ ಹೆಂಡತಿಯಾದ ಮಗಳು ಕಾನ್‌ಸ್ಟನ್ಸ್‌ಗೆ ಹೆಣ್ಣು ಕುದುರೆ. ಗೂಳಿ, ಕುದುರೆಗಳ ಈ ಹಂಚಿಕೆಯಿಂದ ಎರಡು ತಲೆಮಾರಿನ ಸಂಬಂಧ ಸಂಶಯವಿಲ್ಲದೆ ತಿಳಿಯುತ್ತದೆ.

ಈಗ ನಿಮ್ಮ ಬೀಗರ ವಿಷಯ. ಅವರ ಮನೆತನದ ಹೆಸರು ಹಾಪ್ಕಿನ್ಸ್ ಎಂಬುದು ಪುರಾವೆಯಲ್ಲ. 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ರೋಡ್ ಐಲೆಂಡಿನ ಸ್ಟೀಫನ್ ಹಾಪ್ಕಿನ್ಸ್ ಕೂಡ ಈ ವಂಶದವನಲ್ಲ, ಪ್ರಾವಿಡೆನ್ಸ್‌ನ ಥಾಮಸ್ ಹಾಪ್ಕಿನ್ಸ್‌ನ ಕಡೆಯವನು. ಮೇಫ್ಲವರಿನವನ ಮನೆತನದ ಹೆಸರು ಮುಂದುವರಿದದ್ದು ಜೈಲ್ಸ್‌ನಿಂದ ಮಾತ್ರ. ಕಾನ್‌ಸ್ಟನ್ಸ್‌ಳಿಗೋ 12 ಮಕ್ಕಳೆಂದು ಬ್ರಾಡ್‌ಫರ್ಡ್ ಬರೆದಿದ್ದಾನೆ, ಅವರೆಲ್ಲ ಸ್ನೋಗಳು. ಡಿಎನ್‌ಎ ಪರೀಕ್ಷೆಯ ಮಾತು ಬಂದರೆ, ತಂದೆಯಿಂದ ಮಗನಿಗೆ ಇಳಿಯುವ ವೈ ವರ್ಣತಂತುವಿನ ಪರೀಕ್ಷೆ ಜೈಲ್ಸ್‌ನ ಗಂಡುಸಾಲಿಗೆ ಮಾತ್ರ ಉಪಯೋಗ.

ಮೊದಲ ಐದು ತಲೆಮಾರುಗಳನ್ನು 1897ರಲ್ಲಿ ಸ್ಥಾಪನೆಯಾದ ಮೇಫ್ಲವರ್ ವಂಶಜರ ಸಂಘ ದಾಖಲೆಸಹಿತ ಪ್ರಕಟಿಸಿದೆ. ಅದನ್ನು ಮತ್ತೆ ಹುಡುಕುವ ಅಗತ್ಯವಿಲ್ಲ. ಕಷ್ಟವಿರುವುದು ಆಮೇಲಿನ ತಲೆಮಾರುಗಳಲ್ಲಿ. 1850ಕ್ಕಿಂತ ಹಿಂದಿನ ಅಮೆರಿಕದ ಜನಗಣತಿಗಳಲ್ಲಿ ಮನೆಯ ಯಜಮಾನರ ಹೆಸರಷ್ಟೇ ಇದೆ, ಉಳಿದವರು ಬರೀ ಸಂಖ್ಯೆ. ಆದ್ದರಿಂದ ಮೊಮ್ಮಗಳು ಸ್ಟೀಫನ್‌ನಿಂದ ಕೆಳಗಿಳಿಯುವುದು ಬೇಡ, ತನ್ನಿಂದಲೇ ಶುರುಮಾಡಿ ಒಂದೊಂದು ತಲೆಮಾರಿಗೂ ಜನನ, ಮದುವೆ, ಉಯಿಲು, ಜಮೀನಿನ ಪತ್ರ ಏನಾದರೊಂದು ಕಾಗದ ಹಿಡಿದು ಹಿಂದಕ್ಕೆ ಹೋಗಲಿ. 1850ರ ಗಣತಿಯಲ್ಲಿ ಅವರ ಹಿರಿಯರು ಯಾವ ಊರಿನಲ್ಲಿ, ಯಾವ ಹೆಸರಿನಲ್ಲಿ ಸಿಗುತ್ತಾರೆಂದು ಗೊತ್ತಾದಾಗ ಬರೆಯಿರಿ. ಅಲ್ಲಿಂದ ಐದನೆಯ ತಲೆಮಾರಿನವರೆಗಿನ ದಾರಿಯನ್ನು ಮುಂದಿನ ಸಂಚಿಕೆಯೊಂದರಲ್ಲಿ ನೋಡೋಣ.

— ಸಂಪಾದಕ