ಪಾಠ ಚೆನ್ನಾಗಿ ಆಯ್ತಾ ಅಂತ ಯಾರನ್ನು ಕೇಳಬೇಕು?

ಪ್ರಶ್ನೆ: ಮೇಡಂ, ನಾನು ಬಿ.ಎಡ್. ಎರಡನೇ ವರ್ಷದಲ್ಲಿದ್ದೇನೆ. ಕಾಲೇಜಿನಲ್ಲಿ ಮೈಕ್ರೋ ಟೀಚಿಂಗ್ (ಸಹಪಾಠಿಗಳ ಮುಂದೆ ಪುಟ್ಟ ಪಾಠದ ಅಭ್ಯಾಸ) ಮಾಡಿದಾಗ ಸ್ವಯಂ ಮೌಲ್ಯಮಾಪನದ ಫಾರ್ಮ್‌ನಲ್ಲಿ ಹೆಚ್ಚುಕಡಿಮೆ ಎಲ್ಲದಕ್ಕೂ ‘ಉತ್ತಮ’ ಅಂತ ಟಿಕ್ ಹಾಕಿದ್ದೆ. ಈಗ ಇಂಟರ್ನ್‌ಶಿಪ್‌ಗೆ ಹೈಸ್ಕೂಲಿಗೆ ಬಂದಿದ್ದೇನೆ, ಎಂಟನೇ ಕ್ಲಾಸಿಗೆ ಗಣಿತ. ಪೀರಿಯಡ್ ಮುಗಿಸಿ ಬಂದರೆ ನನಗೆ ಏನೂ ಬರಲ್ಲ ಅನ್ನಿಸುತ್ತದೆ. ನಾನು ಟೀಚರ್ ಆಗೋಕೆ ಲಾಯಕ್ಕಾ?
– ಓದುಗರು, ಹಾವೇರಿ

ಉತ್ತರ: ಅಷ್ಟು ದೊಡ್ಡ ತೀರ್ಮಾನ ಈಗಲೇ ಬೇಡ. ಕಾಲೇಜಿನಲ್ಲಿ ನಿಮ್ಮ ಮುಂದೆ ಕೂತಿದ್ದವರು ನಿಮ್ಮದೇ ಗೆಳತಿಯರು. ಕೆಲವೇ ನಿಮಿಷ, ಒಂದೇ ಕೌಶಲ, ಪ್ರಶ್ನೆ ಕೇಳಿದರೆ ಉತ್ತರ ರೆಡಿ. ಈಗ ನಿಮಗೆ ನೀವೇ ಹಾಕಿಕೊಳ್ಳುವ ಟಿಕ್ ಕೆಳಗಿಳಿದಿದೆ ಅಂದರೆ, ಈ ಕೆಲಸ ಎಷ್ಟು ಕಷ್ಟದ್ದು ಅಂತ ನಿಮಗೆ ಗೊತ್ತಾಗಿದೆ ಅಂತಲೇ ಅರ್ಥ. ಅಮೆರಿಕದ ಶಿಕ್ಷಣ ಮನಶ್ಶಾಸ್ತ್ರಜ್ಞೆ ಅನಿತಾ ವುಲ್ಫೋಕ್ ಹೋಯ್ ಮತ್ತು ಅವರ ಸಹೋದ್ಯೋಗಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇಂಥದ್ದೇ ಕಂಡಿತ್ತು: ಪಾಠ ಮಾಡೋದು ನನ್ನ ಕೈಲಾಗುತ್ತದೆ ಅನ್ನೋ ಹೊಸ ಟೀಚರ್‌ಗಳ ನಂಬಿಕೆ ತರಬೇತಿಯಲ್ಲಿ ಏರಿ, ಕೆಲಸಕ್ಕೆ ಸೇರಿದ ಮೊದಲ ವರ್ಷ ಇಳಿದಿತ್ತು, ಮತ್ತು ಆ ಏರಿಳಿತಕ್ಕೂ ಶಾಲೆಯಲ್ಲಿ ಸಿಕ್ಕ ಬೆಂಬಲಕ್ಕೂ ನಂಟಿತ್ತು.

ಒಂದು ನಿರ್ದಿಷ್ಟ ಕೆಲಸ ನನ್ನ ಕೈಲಾಗುತ್ತದೆ ಅನ್ನೋ ನಂಬಿಕೆ ಎಲ್ಲಿಂದ ಬರುತ್ತದೆ ಅಂತ 1977ರಲ್ಲೇ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಬರೆದಿದ್ದರು. ನಾಲ್ಕು ಮೂಲ ಹೇಳಿದರು. ತಾನೇ ಮಾಡಿ ಗೆದ್ದ ಅನುಭವ ಎಲ್ಲಕ್ಕಿಂತ ಗಟ್ಟಿ. ಬೇರೆಯವರು ಮಾಡಿದ್ದನ್ನು ನೋಡುವುದು, ಇನ್ನೊಬ್ಬರ ಧೈರ್ಯದ ಮಾತು, ಇವೂ ಇವೆ. ನಾಲ್ಕನೆಯದು ನಮ್ಮ ಮೈಮನಸ್ಸಿನ ಸ್ಥಿತಿ. ಎದೆ ಡವಡವ ಅಂದರೆ ಸಾಕು, ನನ್ನ ಕೈಲಾಗಲ್ಲ ಅಂದುಕೊಂಡುಬಿಡುತ್ತೇವೆ. ನೀವು ಸ್ಟಾಫ್ ರೂಮಿಗೆ ಬಂದ ತಕ್ಷಣ ಫಾರ್ಮ್ ತುಂಬಿದರೆ ಅಲ್ಲಿ ಬೀಳೋದು ಆ ಡವಡವದ ಮಾರ್ಕು.

ಅದರ ಬದಲು ಹೀಗೆ ಮಾಡಿ ನೋಡಿ. ‘ಅರ್ಥ ಆಯ್ತಾ?’ ಅಂತ ಕೇಳಬೇಡಿ, ಇಡೀ ಕ್ಲಾಸು ‘ಆಯ್ತು ಮಿಸ್’ ಅನ್ನುತ್ತದೆ. ಕೊನೆಯ ಐದು ನಿಮಿಷ ಅರ್ಧ ಹಾಳೆ ಕೊಟ್ಟು 1/2 + 1/3 ಮಾಡಿಸಿ. ಚೀಟಿಗಳನ್ನು ಮೂರು ಗುಂಪು ಮಾಡಿ: 5/6 ಬರೆದವರು, 2/5 ಬರೆದವರು, ಖಾಲಿ ಕೊಟ್ಟವರು. 2/5 ಬರೆದ ಮಕ್ಕಳು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿದ್ದಾರೆ, ಅವರಿಗೆ ಛೇದ ಯಾಕೆ ಸಮ ಮಾಡಬೇಕು ಅನ್ನೋದೇ ತಲುಪಿಲ್ಲ. ನಾಳೆಯ ಪಾಠ ಅಲ್ಲಿಂದ ಶುರು. ಒಂದು ರೊಟ್ಟಿಯ ಅರ್ಧಕ್ಕೆ ಇನ್ನೊಂದು ಚೂರು ಸೇರಿಸಿದರೆ ಅದು ಅರ್ಧಕ್ಕಿಂತ ಕಡಿಮೆ ಆಗುತ್ತಾ ಅಂತ ಅವರನ್ನೇ ಕೇಳಿ. ಆಮೇಲೆ ಮತ್ತೆ ಚೀಟಿ. ಎರಡನೇ ಗುಂಪು ಸಣ್ಣದಾದರೆ ಅದು ನೀವೇ ಮಾಡಿ ಗೆದ್ದದ್ದು, ಯಾರೂ ಹೇಳಬೇಕಾಗಿಲ್ಲ. ಸಣ್ಣದಾಗದಿದ್ದರೆ ಆ ಚೀಟಿಗಳನ್ನೇ ಹಿಡಿದುಕೊಂಡು ಶಾಲೆಯ ಗಣಿತ ಮೇಷ್ಟ್ರ ಹತ್ತಿರ ಹೋಗಿ, ಇದನ್ನು ನೀವು ಹೇಗೆ ಹೇಳಿಕೊಡ್ತೀರಿ ಸರ್ ಅಂತ ಕೇಳಿ, ಆಗುವುದಾದರೆ ಅವರ ಒಂದು ಪೀರಿಯಡ್‌ನಲ್ಲಿ ಹಿಂದೆ ಕೂತು ನೋಡಿ.

ಪ್ರಶ್ನೆ: ಸ್ವಯಂ ಮೌಲ್ಯಮಾಪನದ ಫಾರ್ಮ್‌ನಲ್ಲಿ ನಮ್ಮ ತಪ್ಪು ನಿಜವಾಗಿ ಬರೆದರೆ ಇಂಟರ್ನಲ್ಸ್ (ಕಾಲೇಜೇ ಕೊಡುವ ಅಂಕ) ಕಡಿಮೆಯಾಗುತ್ತೆ ಅಂತ ಭಯ. ಏನು ಮಾಡಲಿ?
– ಓದುಗರು, ಕಲಬುರಗಿ

ಉತ್ತರ: ನಿಮ್ಮ ಭಯ ಸುಮ್ನೆ ಅಲ್ಲ. ಸ್ವಯಂ ಮೌಲ್ಯಮಾಪನಕ್ಕೆ ಅಂಕ ಕಟ್ಟಲೇಬಾರದು, ಕಟ್ಟಿದರೆ ಯಾರು ನಿಜ ಬರೆಯುತ್ತಾರೆ ಹೇಳಿ? ಕಾಲೇಜುಗಳು ಇದನ್ನು ಬಿಡಬೇಕು. ಅಲ್ಲಿಯವರೆಗೆ ನಿಮ್ಮದೇ ಒಂದು ನೋಟ್‌ಬುಕ್ ಇಡಿ, ಯಾರಿಗೂ ತೋರಿಸಬೇಡಿ. ದಿನಕ್ಕೆ ಎರಡೇ ಸಾಲು: ಇವತ್ತು ಮಕ್ಕಳು ಎಲ್ಲಿ ಎಡವಿದರು, ನಾಳೆ ಏನು ಬದಲಿಸುತ್ತೇನೆ. ಕಾಲೇಜಿನ ಫಾರ್ಮ್‌ನಲ್ಲಿ ತಪ್ಪಿನ ಪಕ್ಕದಲ್ಲೇ ಆ ಬದಲಾವಣೆಯನ್ನೂ ಬರೆಯಿರಿ. ಹಾಗೆ ಬರೆದದ್ದನ್ನು ಓದಿ ಅಂಕ ಕಡಿಯುವುದು ನಿಮ್ಮ ಗೈಡ್ ಆಗಿರುವ ಕಾಲೇಜಿನ ಮೇಷ್ಟ್ರಿಗೂ ಸುಲಭವಲ್ಲ.