ಬೇಸ್ ಬರ್ತಿಲ್ಲ, ಕೈಯಲ್ಲಿ 45,000 ಇದೆ: ದೊಡ್ಡ ಆಂಪ್ ತಗೊಳ್ಳಲಾ, ಸಬ್‌ವೂಫರ್ ತಗೊಳ್ಳಲಾ?

ಎರಡೂ ಬೇಡ: ಸ್ಪೀಕರಿಗೆ ತಾಕತ್ತು ಕೊಡುವ ಆಂಪೂ ಬೇಡ, ಬೇಸಿಗೆಂದೇ ಇರುವ ಸಬ್‌ವೂಫರ್ ಸ್ಪೀಕರೂ ಬೇಡ. ಮೊದಲು ಎದ್ದು ಹೋಗಿ, ಸ್ಪೀಕರ್ ಹಿಂದೆ ಟಾರ್ಚ್ ಬಿಟ್ಟು ನೋಡಿ.

ಹೊಸ ಬುಕ್‌ಶೆಲ್ಫ್ ಸ್ಪೀಕರ್ (ಕಪಾಟಿನಲ್ಲಿಡುವಷ್ಟು ಚಿಕ್ಕದು), 50 ವ್ಯಾಟಿನ ಆಂಪ್, ಆದರೂ ಬೇಸ್ (ತಗ್ಗು ಸ್ವರಗಳ ಸದ್ದು) ಇಲ್ಲ, ಹಾಡುವವರು ಎಲ್ಲಿ ಕೂತಿದ್ದಾರೆ ಅಂತಲೇ ಗೊತ್ತಾಗಲ್ಲ ಅಂದಿದ್ದೀರಿ. ಓದಿ ನಗು ಬಂತು, ಆಮೇಲೆ ಹೊಟ್ಟೆ ಉರಿಯಿತು. 2016ರಲ್ಲಿ ನಾನೂ ಇದನ್ನೇ ಒಬ್ಬ ಅಂಗಡಿಯವನ ಮುಂದೆ ಹೇಳಿದ್ದೆ. ಅವನ ಮುಖ ಅರಳಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆಗ ಬೆಂಗಳೂರಿನಲ್ಲಿ ಬಾಡಿಗೆ ಮನೆ. ಸ್ಪೀಕರ್ ಮನೆಗೆ ಬಂದ ಸಂಜೆಯೇ ಕರೆಂಟ್ ಹೋಗಿತ್ತು. ಬುದ್ಧಿ ಇದ್ದವನು ಕಾಯುತ್ತಿದ್ದ. ನಾನು ಮೊಬೈಲನ್ನು ಬಾಯಲ್ಲಿ ಕಚ್ಚಿಕೊಂಡು, ಅದರ ಬೆಳಕಿನಲ್ಲಿ ಎಸ್.ಪಿ. ರೋಡಿನಿಂದ ತಂದ ಕೆಂಪು-ಕಪ್ಪು ಜೋಡಿ ವೈರನ್ನು ಸಿಕ್ಕಿಸಿದೆ. ಸ್ಪೀಕರಿಗೂ ಗೋಡೆಗೂ ನಡುವೆ ಅರ್ಧ ಅಡಿ ಜಾಗ. ಕರೆಂಟ್ ಬಂತು, ಹಾಡು ಬಂತು, ಬೇಸ್ ಬರಲಿಲ್ಲ.

'ಆಂಪ್‌ಗೆ ತಾಕತ್ತು ಸಾಲದು ಸಾರ್' ಅಂದ ಅಂಗಡಿಯವನು. 40 ವ್ಯಾಟಿನದು ಕೊಟ್ಟು, ಮೇಲೆ 28,000 ಹಾಕಿ 100 ವ್ಯಾಟಿನದು ತಂದೆ. ವ್ಯಾಟ್ ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬೆಲ್ ಅಷ್ಟೇ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ನನಗೆ ಸಿಕ್ಕಿದ್ದು 4 ಡೆಸಿಬೆಲ್. ಅಂದರೆ ಬೇಸ್ ಇಲ್ಲದ ಹಾಡು ಇನ್ನೂ ಸ್ವಲ್ಪ ಜೋರಾಗಿ ಕೇಳಿಸಿತು. ಆಮೇಲೆ 'ಕಂಪ್ಯೂಟರಿನಿಂದ ಬರೋ ಸಿಗ್ನಲ್ಲೇ ಸರಿಯಿಲ್ಲ' ಅಂತ 14,000ಕ್ಕೆ ಡ್ಯಾಕ್ (ಕಂಪ್ಯೂಟರಿನ ಡಿಜಿಟಲ್ ಸಿಗ್ನಲ್ಲನ್ನು ಆಂಪಿಗೆ ಬೇಕಾದ ಸಿಗ್ನಲ್ ಮಾಡುವ ಡಬ್ಬಿ). ಕೊನೆಗೆ 11,000ಕ್ಕೆ ಸ್ಪೀಕರ್ ಕೇಬಲ್.

ಕೇಬಲ್ ಹಾಕಿದ ಕ್ಷಣ ಬೇಸ್ ಬಂತು!

ನಿಜವಾಗಿಯೂ ಬಂತು. ಮೃದಂಗದ ಎಡಗೈಯ 'ಗುಂ' ಅನ್ನುವ ಗುಮ್ಕಿ ಎದೆಗೆ ತಾಗಿತು. ಅಲ್ಲಿಯತನಕ ಸೋಫಾ ಹಿಂದೆಲ್ಲೋ ಕೂತು ಹಾಡುತ್ತಿದ್ದ ಭೀಮಸೇನ ಜೋಶಿಯವರು ಎರಡು ಸ್ಪೀಕರುಗಳ ನಟ್ಟನಡುವೆ ಬಂದು ಕೂತರು. ನಾನು ಕೇಬಲ್ ಭಕ್ತನಾದೆ. ಸಿಕ್ಕಸಿಕ್ಕವರಿಗೆಲ್ಲ ಕೇಬಲ್ ಮಹಿಮೆ ಹೇಳಿದೆ. ಮೈಸೂರಿನ ಗೆಳೆಯನೊಬ್ಬ ನನ್ನ ಮಾತು ನಂಬಿ ಅದೇ ಕೇಬಲ್ ತಗೊಂಡ. 'ಏನೂ ವ್ಯತ್ಯಾಸ ಇಲ್ಲ ಕಣೋ' ಅಂದ. ಕೇಬಲ್ ಪಳಗಬೇಕು, 200 ಗಂಟೆ ಓಡಿಸು ಅಂದೆ. ಪಾಪ, ಎಂಟು ದಿನ ಹಗಲೂ ರಾತ್ರಿ ಹಾಡು ಹಾಕಿಟ್ಟ. ಪಕ್ಕದ ಮನೆಯವರು ಬಂದು 'ಅಖಂಡ ಭಜನೆನಾ? ಮಂಗಳಾರತಿ ಯಾವತ್ತು?' ಅಂತ ಕೇಳಿದರಂತೆ. ಆಮೇಲೂ ವ್ಯತ್ಯಾಸ ಇಲ್ಲ ಅಂದ. ನಿನ್ನ ಕಿವಿ ಇನ್ನೂ ತಯಾರಾಗಿಲ್ಲ ಅಂದೆ. ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಅವನು ಸಿಟ್ಟಿನಿಂದ ನಮ್ಮಿಬ್ಬರ ವಾಟ್ಸಾಪ್ ಹಿಂದಕ್ಕೆ ಎಳೆಯುತ್ತಾ ಹೋದ. ಸ್ಪೀಕರ್ ತಂದ ಸಂಜೆ, ಜಂಬಕ್ಕೆ, ಕತ್ತಲಲ್ಲೇ ಫ್ಲಾಶ್ ಹಾಕಿ ಬಲಗಡೆಯ ಸ್ಪೀಕರಿನ ಬೆನ್ನಿನ ಫೋಟೋ ಕಳಿಸಿದ್ದೆ. ಅದನ್ನೇ ದೊಡ್ಡದು ಮಾಡಿ ವಾಪಸ್ ಕಳಿಸಿದ. ಕೆಳಗೆ ಒಂದೇ ಸಾಲು: 'ಲೋ, ಕೆಂಪು ವೈರ್ ಎಲ್ಲಿದೆ ನೋಡು.'

ಕಪ್ಪು ಟರ್ಮಿನಲ್‌ನಲ್ಲಿತ್ತು.

ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ತಡೆದುಕೊಳ್ಳಿ. 53,000 ಫೀಸು ಕಟ್ಟಿ ಕಲಿತ ಪಾಠ. ಒಂದು ಸ್ಪೀಕರಿನ ವೈರ್ ಮಾತ್ರ ತಿರುಗುಮುರುಗಾದರೆ ಏನೂ ಸುಡುವುದಿಲ್ಲ, ವಾಸನೆ ಬರುವುದಿಲ್ಲ, ಹಾಡೂ ನಿಲ್ಲುವುದಿಲ್ಲ. ಒಂದರ ಅದುರಿ ಸದ್ದು ಮಾಡುವ ಕೋನ್ ಮುಂದಕ್ಕೆ ಬರುವಾಗ ಇನ್ನೊಂದರದು ಹಿಂದಕ್ಕೆ ಹೋಗುತ್ತದೆ, ಅಷ್ಟೇ. ರೆಕಾರ್ಡಿಂಗ್‌ಗಳಲ್ಲಿ ಬೇಸ್ ಸಾಮಾನ್ಯವಾಗಿ ಎರಡೂ ಕಡೆ ಒಂದೇ ಥರ ಇರುತ್ತದೆ. ಹಾಗಾಗಿ ಒಂದು ಗಾಳಿಯನ್ನು ತಳ್ಳುತ್ತಿದ್ದಂತೆ ಇನ್ನೊಂದು ಎಳೆದುಕೊಳ್ಳುತ್ತದೆ. ಒಬ್ಬ ತೊಟ್ಟಿಗೆ ನೀರು ಸುರಿಯುತ್ತಾ ಇನ್ನೊಬ್ಬ ಅದನ್ನೇ ಮೊಗೆಯುತ್ತಾ ನಿಂತರೆ ತೊಟ್ಟಿ ತುಂಬುತ್ತದೆಯೇ? ತಾಳ, ವೀಣೆಯ ಮೀಟು, ಸ-ಶ ಅಕ್ಷರಗಳೆಲ್ಲ ಚೆನ್ನಾಗಿಯೇ ಕೇಳಿಸುತ್ತವೆ. ಅದಕ್ಕೇ ಅನುಮಾನ ಬರುವುದಿಲ್ಲ. 'ಕ್ಲಿಯರ್ ಆಗಿದೆ, ಸ್ವಲ್ಪ ತೆಳು' ಅನ್ನಿಸುತ್ತದೆ, ಅಂಗಡಿಗೆ ಓಡುತ್ತೇವೆ.

ಆಂಪ್ ಬದಲಿಸಿದಾಗಲೂ ಯಾಕೆ ಸಿಕ್ಕಿಬೀಳಲಿಲ್ಲ ಗೊತ್ತಾ? ತಪ್ಪಿದ್ದದ್ದು ಸ್ಪೀಕರ್ ಕಡೆ. ಆಂಪ್ ಬದಲಿಸುವವನು ಕೈ ಹಾಕುವುದು ಆಂಪ್ ಕಡೆಗೆ ಮಾತ್ರ. ಡ್ಯಾಕ್ ಹಾಕುವವನು ವೈರ್ ಮುಟ್ಟುವುದೇ ಇಲ್ಲ. ಕೇಬಲ್ ಬದಲಿಸಿದಾಗ ಮೊದಲ ಸಲ ಎರಡೂ ತುದಿ ಬಿಚ್ಚಿದೆ, ಹಗಲು ಹೊತ್ತಿನಲ್ಲಿ ಸರಿಯಾಗಿ ಸಿಕ್ಕಿಸಿದೆ. ಕೆಲಸ ಮಾಡಿದ್ದು ಹಗಲಿನ ಬೆಳಕು. ಹೆಸರು ಬಂದಿದ್ದು 11,000ದ ಕೇಬಲ್‌ಗೆ. ಅದನ್ನು ತೆಗೆದು ಹಳೇ ವೈರನ್ನೇ ಸರಿಯಾಗಿ ಹಾಕಿ ಕೇಳಿದೆ. ಅದೇ ಗುಮ್ಕಿ, ಅದೇ ಜೋಶಿಯವರು, ಅದೇ ಜಾಗ.

ನೀವು 'ಹಳಬರ ಸೂತ್ರಗಳಿದ್ದರೆ ಹೇಳಿ' ಅಂದಿದ್ದೀರಲ್ಲ, ನನ್ನ ಸೂತ್ರಗಳೆಲ್ಲ ಈ ಗಾಯದಿಂದ ಹುಟ್ಟಿದವು. ಕೇಬಲ್ ನಾಯಿಯ ಸರಪಳಿಗಿಂತ ದಪ್ಪ ಇದ್ದರೆ ಅದನ್ನು ನಾಯಿಗೇ ಕಟ್ಟಿ. ಮನೆ ವೈರಿಂಗ್‌ಗೆ ಬಳಸುವ 2.5 ಚದರ ಮಿ.ಮೀ. ತಾಮ್ರದ ವೈರ್ ಐದು ಮೀಟರ್ ಎಳೆದರೆ, ಹೋಗಿ ಬರುವ ಎರಡೂ ಎಳೆ ಸೇರಿ ರೆಸಿಸ್ಟೆನ್ಸ್ (ಕರೆಂಟಿಗೆ ಆಗುವ ಅಡ್ಡಿ) 0.1 ಓಮ್ ಕೂಡ ಆಗುವುದಿಲ್ಲ. ನಿಮ್ಮದು 8 ಓಮ್ ಸ್ಪೀಕರ್ ಆದರೆ ಅದು ಲೆಕ್ಕಕ್ಕೇ ಇಲ್ಲ. ಅಂಗಡಿಯವನು 'ಕಣ್ಣು ಮುಚ್ಚಿ ಕೇಳಿ ಸಾರ್' ಅಂದಾಗ ಒಂದು ಕೈ ಜೇಬಿನ ಮೇಲಿರಲಿ, ಒಂದು ಕಣ್ಣು ವಾಲ್ಯೂಮ್ ಮೇಲಿರಲಿ. ಒಂಚೂರು ಜೋರಾಗಿರುವುದೇ ಸಾಮಾನ್ಯವಾಗಿ ಚೆನ್ನಾಗಿ ಕೇಳಿಸುತ್ತದೆ. ಖಾಲಿ ಡಬ್ಬಗಳನ್ನು ಅಟ್ಟದಿಂದ ಬಿಸಾಡಬೇಡಿ, ಬಿಸಾಡಿದ ವಾರವೇ ಮಾಲು ಮಾರುವ ಮನಸ್ಸಾಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾಯಿಸಿ. ಇದೊಂದು ಮಾತ್ರ ತಮಾಷೆ ಅಲ್ಲ.

ಇನ್ನು ಹಾಲ್. ವಿಟ್ರಿಫೈಡ್ ಟೈಲ್ಸ್, ಬೋಳು ಗೋಡೆ ಇರಬೇಕು, ಅಲ್ವಾ? ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಆಮೇಲೆ ಝಿಂಗ್ ಅಂತ ಬಾಲ ಉಳಿದರೆ ದುಡ್ಡು ಅಲ್ಲಿಗೆ ಖರ್ಚು ಮಾಡಿ. ನಾನು ನವಲಗುಂದದ ಜಮಖಾನ ಹಾಸಿದೆ. ನೋಡಲು ಚೆಂದ, ಆದರೆ ತೆಳು. ಕಿರಿಕಿರಿ ಸ್ವಲ್ಪ ಕಡಿಮೆಯಾಯಿತು, ಬೇಸ್‌ಗೆ ಏನೂ ಆಗಲಿಲ್ಲ. ದಪ್ಪ ಪರದೆ, ಪುಸ್ತಕದ ಕಪಾಟು, ಒಂದು ಹಳೇ ಹತ್ತಿಯ ಹಾಸಿಗೆ ಇದ್ದರೆ ಇನ್ನೂ ಒಳ್ಳೆಯದು. ಸ್ಪೀಕರನ್ನು ಮೂಲೆಗೆ ತಳ್ಳಿದರೆ ಪುಕ್ಕಟೆ ಬೇಸ್ ಜಾಸ್ತಿ ಬರುತ್ತದೆ, ಆದರೆ ಎಲ್ಲಾ ಹಾಡೂ ಗುಂಯ್‌ಗುಡುತ್ತವೆ. ಸ್ವಲ್ಪ ಸ್ವಲ್ಪವೇ ಸರಿಸಿ ಕೇಳಿ.

ಈಗ ನಿಮ್ಮ ಕೆಲಸ. ಮೊದಲು ಆಂಪ್ ಆಫ್ ಮಾಡಿ. ಎರಡೂ ಸ್ಪೀಕರಿನ ಎರಡೂ ತುದಿ ನೋಡಿ, ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಗೋಡೆಯೊಳಗೆ ವೈರ್ ಎಳೆಸಿದ್ದರೆ ಬಣ್ಣ ನಂಬಬೇಡಿ. ಆಂಪ್ ಕಡೆ ಎಲ್ಲಾ ಬಿಚ್ಚಿ, 1.5 ವೋಲ್ಟಿನ ಪೆನ್ಸಿಲ್ ಸೆಲ್ಲಿನ ಪ್ಲಸ್ಸನ್ನು ಕೆಂಪು ವೈರಿಗೆ, ಮೈನಸ್ಸನ್ನು ಕಪ್ಪಿಗೆ ಒಂದು ಕ್ಷಣ ಮುಟ್ಟಿಸಿ. ಸ್ಪೀಕರ್ ಹತ್ತಿರ ಒಬ್ಬರನ್ನು ನಿಲ್ಲಿಸಿ, ವೂಫರಿನ (ಸ್ಪೀಕರಿನಲ್ಲಿ ಬೇಸ್ ಕೊಡುವ ದೊಡ್ಡ ಭಾಗದ) ಕೋನ್ ಎತ್ತ ಹೋಯಿತು ಅಂತ ಕೇಳಿ. ಎರಡೂ ಒಂದೇ ಕಡೆಗೆ ಹೋಗಬೇಕು. ಆಮೇಲೆ ಮೋನೋದಲ್ಲಿರುವ (ಎರಡೂ ಸ್ಪೀಕರಿಗೆ ಒಂದೇ ಸದ್ದು ಬರುವ) ಯಾವುದಾದರೂ ಹಳೇ ಹಾಡು ಹಾಕಿ, ಎರಡೂ ಸ್ಪೀಕರಿಗೆ ಸಮದೂರದಲ್ಲಿ ಕೂರಿ. ಧ್ವನಿ ನಡುವಿನ ಖಾಲಿ ಜಾಗದಿಂದ ಬರಬೇಕು. ತಲೆಯ ಸುತ್ತ ಎಲ್ಲೆಲ್ಲೋ ಸುಳಿದರೆ ವೈರ್ ಇನ್ನೂ ತಿರುಗಿದೆ ಅಂತಲೇ ಅರ್ಥ.

ಅಂದಹಾಗೆ, ಗೆಳೆಯನಿಗೆ ಕೇಬಲ್ ದುಡ್ಡು ವಾಪಸ್ ಕೊಡಲು ಹೋದೆ. ತಗೊಳ್ಳಲಿಲ್ಲ. ಬೆಂಗಳೂರಿಗೆ ಬಂದಾಗಲೆಲ್ಲ ಊಟದ ಬಿಲ್ ನನ್ನ ಕಡೆ ತಳ್ಳಿ, 'ಕೇಬಲ್ ಪಳಗ್ತಾ ಇದೆ' ಅನ್ನುತ್ತಾನೆ. 11,000 ಯಾವಾಗಲೋ ದಾಟಿದೆ.

ನೋಡಿ ಬಂದು ಹೇಳಿ. ವೈರ್ ಎಲ್ಲಾ ಸರಿಯಾಗಿಯೇ ಇದ್ದರೆ ಆಗ ಸಬ್‌ವೂಫರ್ ಮಾತಾಡೋಣ. ದೊಡ್ಡ ಆಂಪ್ ಮಾತ್ರ ಆಗಲೂ ಬೇಡ.