ಒಂದೇ ಒಂದು ಪದಾರ್ಥದಿಂದ ಮನೆಯಲ್ಲೇ ಸುಗಂಧದ್ರವ್ಯ ಮಾಡಬಹುದೇ?

ನೀವು ಬರೆದದ್ದು ಇಷ್ಟು: ಗುಲಾಬಿ ಎಸಳುಗಳನ್ನು ನೀರಿನಲ್ಲಿ ಕುದಿಸಿ, ಸೋಸಿ, ಸೀಸೆಗೆ ತುಂಬಿಸಿಟ್ಟಿರಿ. ಮೊದಲ ದಿನ ಏನೋ ಮಂದವಾದ ಘಮ ಇತ್ತು. ನಾಲ್ಕನೆಯ ದಿನ ಮುಚ್ಚಳ ತೆಗೆದರೆ ಕೊಳೆತ ಸೊಪ್ಪಿನ ವಾಸನೆ. ಹತ್ತಾರು ಎಣ್ಣೆಗಳನ್ನು ಬೆರೆಸುವ ಗೋಜು ಬೇಡ, ಒಂದೇ ಪದಾರ್ಥದಿಂದ ಮೈಗೆ ಹಚ್ಚಿಕೊಳ್ಳುವಂಥ ಸುಗಂಧವನ್ನು ಮನೆಯಲ್ಲಿ ಮಾಡಲು ಸಾಧ್ಯವೇ ಎಂಬುದು ನಿಮ್ಮ ಪ್ರಶ್ನೆ.

ಖಂಡಿತ ಸಾಧ್ಯ. ಮಾಡುವ ಕೆಲಸ ಹತ್ತು ನಿಮಿಷದ್ದು. ಯಾವ ಪದಾರ್ಥ ಎಂದು ತೀರ್ಮಾನಿಸುವುದಕ್ಕೇ ಹತ್ತು ದಿನ ಬೇಕು. ಬೆರಕೆಯ ಸುಗಂಧದಲ್ಲಿ ಒಂದರ ಕೊರತೆಯನ್ನು ಇನ್ನೊಂದು ಮುಚ್ಚುತ್ತದೆ. ಒಂಟಿ ಪದಾರ್ಥಕ್ಕೆ ಆ ಆಸರೆ ಇಲ್ಲ. ಆದ್ದರಿಂದ ಈ ಉತ್ತರದ ಅರ್ಧಭಾಗ ಆಯ್ಕೆಯ ಬಗ್ಗೆಯೇ ಇದೆ.

ಮೊದಲು ಹೂವಿನ ಮೋಹವನ್ನು ಬಿಡಿ. ನಾನೂ ಅಲ್ಲಿಂದಲೇ ಆರಂಭಿಸಿದವನು. ಒಂದು ಹಿಡಿ ಮಲ್ಲಿಗೆಯನ್ನು ಎಣ್ಣೆಯಲ್ಲಿ ಮುಳುಗಿಸಿ ಕಿಟಕಿಯ ಬಳಿ ಇಟ್ಟಿದ್ದೆ. ಮೂರನೆಯ ದಿನಕ್ಕೆ ಹೂವು ಕಂದಿ ಚಹಾಪುಡಿಯ ಬಣ್ಣಕ್ಕೆ ತಿರುಗಿತ್ತು. ತಳದಲ್ಲಿ ನೀರಿನ ಹನಿಗಳು ಮುತ್ತಿನಂತೆ ಕೂತಿದ್ದವು. ಸೀಸೆಯ ಕತ್ತಿನ ಸುತ್ತ ಬೂದುಬಣ್ಣದ ಬೂಷ್ಟು. ಆ ಹನಿಗಳೇ ಎಲ್ಲವನ್ನೂ ಹೇಳುತ್ತವೆ. ತಾಜಾ ಹೂವಿನ ತೂಕದ ಬಹುಪಾಲು ನೀರು, ಪರಿಮಳದ ಎಣ್ಣೆ ಇರುವುದು ಲೆಕ್ಕಕ್ಕೇ ಸಿಗದಷ್ಟು. ಒಂದು ಕಿಲೋ ಗುಲಾಬಿ ತೈಲಕ್ಕೆ ಸುಮಾರು 3ರಿಂದ 4 ಟನ್ ಎಸಳು ಬೇಕು ಎಂದರೆ ನಿಮ್ಮ ಪಾತ್ರೆಯಲ್ಲಿ ಎಷ್ಟಿತ್ತು ಎಂದು ನೀವೇ ಊಹಿಸಿ. ಅದರಲ್ಲೂ ಎಸಳನ್ನು ಮುಚ್ಚಳವಿಲ್ಲದೆ ಕುದಿಸಿದಾಗ ಇದ್ದಷ್ಟು ಪರಿಮಳವೂ ಹಬೆಯ ಜೊತೆ ಹೋಗಿ ಅಡುಗೆಮನೆಯನ್ನು ತುಂಬಿತು. ಸೀಸೆಗೆ ಬಂದದ್ದು ಸಕ್ಕರೆ ಮತ್ತು ಸೊಪ್ಪಿನ ಅಂಶವಿರುವ ನೀರು. ಅದು ಕೊಳೆಯದೆ ಇನ್ನೇನು ಮಾಡೀತು? ಮಲ್ಲಿಗೆಯದು ಇನ್ನೊಂದು ತಕರಾರು. ಅದರ ಪರಿಮಳ ಹಬೆಯ ಬಿಸಿಯನ್ನು ತಾಳುವುದಿಲ್ಲ. ಕಿತ್ತ ಮೇಲೂ ಗಂಟೆಗಟ್ಟಲೆ ಅದು ಪರಿಮಳ ಬಿಡುತ್ತಲೇ ಇರುತ್ತದೆಂದು ಹಿಂದಿನವರು ಅದನ್ನು ಕೊಬ್ಬಿನ ಪದರದ ಮೇಲೆ ಹರಡಿ, ದಿನವೂ ಹಳೆಯ ಹೂವನ್ನು ತೆಗೆದು ಹೊಸದನ್ನು ಇಟ್ಟು, ವಾರಗಟ್ಟಲೆ ಹೀರಿಸುತ್ತಿದ್ದರು. ಅಷ್ಟು ತಾಳ್ಮೆ ನನಗಿಲ್ಲ. ನಿಮಗಿದ್ದರೆ ಅದು ಬೇರೆಯೇ ಉತ್ತರ.

ಹಾಗಾದರೆ ಯಾವುದನ್ನು ಹಿಡಿಯಬೇಕು? ನಿಧಾನವಾಗಿ ಆರುವಂಥದ್ದನ್ನು. ನಿಂಬೆ, ಕಿತ್ತಳೆಗಳ ತೈಲ ಸೀಸೆಯಲ್ಲಿ ಎಷ್ಟೇ ಮೋಹಕವಾಗಿದ್ದರೂ ಮೈಮೇಲೆ ಅರ್ಧ ಗಂಟೆ ನಿಂತರೆ ಹೆಚ್ಚು. ಅವುಗಳ ಅಣುಗಳು ಹಗುರ, ಹಾರಿಹೋಗುತ್ತವೆ. ಅಷ್ಟೇ ಆಗಿದ್ದರೆ ಮತ್ತೆ ಮತ್ತೆ ಹಚ್ಚಿಕೊಂಡರಾಯಿತು ಎನ್ನಬಹುದಿತ್ತು. ಆದರೆ ಸಿಪ್ಪೆಯನ್ನು ಒತ್ತಿ ತೆಗೆದ ಬರ್ಗಮಾಟ್‌, ನಿಂಬೆಯಂಥ ತೈಲಗಳಲ್ಲಿ ಬಿಸಿಲು ಬಿದ್ದರೆ ಚರ್ಮವನ್ನು ಸುಡುವ ಅಂಶಗಳಿವೆ. ಮೈಮೇಲೆ ಉಳಿಯುವ ಉತ್ಪನ್ನದಲ್ಲಿ ಬರ್ಗಮಾಟ್ ತೈಲಕ್ಕೆ ಸುಗಂಧ ಉದ್ಯಮದ ಸಂಸ್ಥೆ ಇಫ್ರಾ ಹಾಕಿರುವ ಮಿತಿ ಶೇ 0.4. ಒಂಟಿ ಪದಾರ್ಥದ ಸುಗಂಧವನ್ನು ಶೇ 10ರಷ್ಟು ಗಟ್ಟಿಯಾಗಿ ಮಾಡಿದರೆ ಅದರ 25 ಪಟ್ಟು ಆಯಿತು. ದಾಲ್ಚಿನ್ನಿ ಮತ್ತು ಲವಂಗದ ತೈಲಗಳನ್ನೂ ದೂರವಿಡಿ. ಅವು ಚರ್ಮವನ್ನು ಕೆಣಕುತ್ತವೆ, ಒಮ್ಮೆ ಅಲರ್ಜಿ ಅಂಟಿಕೊಂಡರೆ ಬಿಡುವುದೂ ಇಲ್ಲ. ಲ್ಯಾವೆಂಡರ್ ಪರವಾಗಿಲ್ಲ, ಆದರೆ ಬೇಗ ಸುಸ್ತಾಗುತ್ತದೆ.

ಉಳಿದದ್ದು ಬೇರು, ಮರ ಮತ್ತು ಕೆಲವು ಎಲೆ: ಲಾವಂಚ, ಶ್ರೀಗಂಧ, ದೇವದಾರು, ಪಚೋಲಿ. ನನ್ನ ಮತ ಲಾವಂಚಕ್ಕೆ. ಕಾರಣ ಹೇಳುತ್ತೇನೆ. ಒಂದು ಬಿಳಿ ಕಾಗದದ ಪಟ್ಟಿಯ ತುದಿಗೆ ಲಾವಂಚ ತೈಲದ ಒಂದು ಹನಿ ಹಾಕಿ, ಪಕ್ಕದಲ್ಲಿ ಗಂಟೆ ಬರೆದಿಡಿ. ಹಾಕಿದ ಕೂಡಲೇ ಮೂಗಿಗೆ ಬರುವುದು ಒದ್ದೆ ಮಣ್ಣು, ತುಸು ಹೊಗೆ, ನಾಲಗೆಯ ಬುಡದಲ್ಲಿ ಕಹಿ. ಹಲವರು ಇಲ್ಲಿಯೇ ಮುಖ ಸಿಂಡರಿಸಿ ಎದ್ದುಹೋಗುತ್ತಾರೆ. ಒಂದು ಗಂಟೆ ಬಿಟ್ಟು ಮೂಸಿ: ಮಣ್ಣು ಹಿಂದೆ ಸರಿದು ಹಸಿ ಹುಲ್ಲು ಮುಂದೆ ಬಂದಿರುತ್ತದೆ. ಮರುದಿನ ಬೆಳಗ್ಗೆ ಅದೇ ಪಟ್ಟಿಯಲ್ಲಿ ಒಣಗಿದ ಮರದ ಸಿಹಿ ಮಾತ್ರ ಉಳಿದಿರುತ್ತದೆ. ಒಂದೇ ಹನಿ, ಮೂರು ವೇಷ. ಏಕೆಂದರೆ ನಾವು ಒಂದು ಎಂದು ಕರೆಯುವ ಆ ತೈಲದಲ್ಲಿ ನೂರಕ್ಕೂ ಹೆಚ್ಚು ಬಗೆಯ ಅಣುಗಳಿವೆ, ಒಂದೊಂದೂ ತನ್ನದೇ ವೇಗದಲ್ಲಿ ಆರುತ್ತದೆ. ಬೆರೆಸುವ ಕೆಲಸವನ್ನು ಗಿಡವೇ ಮುಗಿಸಿ ಕೊಟ್ಟಿದೆ.

ಒಂಟಿ ಪದಾರ್ಥ ಎಂದರೆ ಕಳಪೆ ಎಂಬ ಅಳುಕು ನಿಮ್ಮ ಪ್ರಶ್ನೆಯಲ್ಲಿ ಕಂಡಿತು. 2006ರಲ್ಲಿ ಗೆಜಾ ಶೋನ್ ಎಂಬ ಜರ್ಮನ್ ಸುಗಂಧಕಾರ ‘ಮಾಲಿಕ್ಯೂಲ್ 01’ ಎಂಬ ಸುಗಂಧವನ್ನು ತಂದ. ಅದರಲ್ಲಿ ಇದ್ದ ಪರಿಮಳದ್ರವ್ಯ ಐಸೊ ಇ ಸೂಪರ್ ಎಂಬ ಒಂದೇ ಒಂದು ಕೃತಕ ರಾಸಾಯನಿಕ. ಜನ ಮುಗಿಬಿದ್ದು ಕೊಂಡರು. ತಮಾಷೆಯೆಂದರೆ ಅದೂ ಒಂದೇ ಅಣುವಲ್ಲ, ಹತ್ತಿರದ ಸಂಬಂಧಿಗಳ ಮಿಶ್ರಣ. ಅದರ ಪರಿಮಳದ ಹೆಚ್ಚಿನ ಪಾಲು ಬರುವುದು ಅದರಲ್ಲಿ ಅಲ್ಪಪ್ರಮಾಣದಲ್ಲಿರುವ ಒಂದು ಅಣುವಿನಿಂದ.

ಇನ್ನು ಕರಗಿಸುವ ದ್ರವ. ಬೇಕಾದದ್ದು ಎಥನಾಲ್, ಅಂದರೆ ಈಥೈಲ್ ಆಲ್ಕೋಹಾಲ್. ಶೇ 95 ಅಥವಾ ಅದಕ್ಕಿಂತ ಹೆಚ್ಚು ಶುದ್ಧವಾದದ್ದು, ಸುಗಂಧ ತಯಾರಿಕೆಗೆಂದೇ ಮಾರುವಂಥದ್ದು. ವೋಡ್ಕಾ ಸಾಕೇ ಎಂದು ಬಹಳ ಜನ ಕೇಳುತ್ತಾರೆ. ಸಾಲದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿದೆ, ತೈಲ ಕರಗದೆ ದ್ರವ ಹಾಲಿನಂತೆ ಕದಡಿ ನಿಲ್ಲುತ್ತದೆ. ಗಾಯ ಒರೆಸುವ ಐಸೊಪ್ರೊಪೈಲ್ ದ್ರವದಲ್ಲಿ ತೈಲ ಕರಗುತ್ತದೆ, ಆದರೆ ಅದರ ಚುಚ್ಚುವ ವಾಸನೆ ನಿಮ್ಮ ಲಾವಂಚದ ತಲೆಯ ಮೇಲೆ ಕೂರುತ್ತದೆ. ಬಣ್ಣ ತೆಗೆಯಲು, ಒಲೆ ಉರಿಸಲು ಬಳಸುವ ಸ್ಪಿರಿಟ್ ಅಂತೂ ಬೇಡವೇ ಬೇಡ. ಅದರಲ್ಲಿ ಮೆಥನಾಲ್ ಇರಬಹುದು, ಮೆಥನಾಲ್ ವಿಷ, ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ. ಇನ್ನೊಂದು ಮಾತು: ಎಥನಾಲ್‌ನ ಆವಿಗೆ ಕೋಣೆಯ ಸಾಮಾನ್ಯ ಉಷ್ಣಾಂಶದಲ್ಲೇ ಕಿಡಿ ತಗುಲಿದರೆ ಹೊತ್ತಿಕೊಳ್ಳುವ ಗುಣವಿದೆ. ಒಲೆ, ದೀಪ, ಸಿಗರೇಟು ಯಾವುದೂ ಹತ್ತಿರ ಇರಬಾರದು, ಕಿಟಕಿ ತೆರೆದಿರಲಿ.

ಮಾಡುವ ವಿಧಾನ. 30 ಮಿಲಿಲೀಟರ್‌ನ ಕಂದು ಗಾಜಿನ ಸೀಸೆಯನ್ನು ತೂಕದ ಯಂತ್ರದ ಮೇಲೆ ಇಟ್ಟು ಸೊನ್ನೆ ಮಾಡಿ. 2 ಗ್ರಾಂ ಲಾವಂಚ ತೈಲ ಬಿಡಿ. ಅದು ಜೇನಿನಂತೆ ಮಂದ, ನಿಧಾನವಾಗಿ ಇಳಿಯುತ್ತದೆ, ಅವಸರ ಮಾಡಬೇಡಿ. ಮೇಲೆ 18 ಗ್ರಾಂ ಎಥನಾಲ್ ಹಾಕಿ, ಮುಚ್ಚಳ ಬಿಗಿದು ಅಲ್ಲಾಡಿಸಿ. ತೂಕದ ಲೆಕ್ಕದಲ್ಲಿ ಶೇ 10ರ ಸುಗಂಧ ಸಿದ್ಧ. ಇಷ್ಟೇ.

ಹನಿ ಲೆಕ್ಕ ಸಾಲದೇ, ಗ್ರಾಂ ಯಾಕೆ ಎಂದು ಕೇಳಬಹುದು. ಅದೇ ಡ್ರಾಪರ್‌ನಿಂದ ಬೀಳುವ ನೀರಿನ ಹನಿಗೂ ಎಥನಾಲ್ ಹನಿಗೂ ತೂಕದಲ್ಲಿ ಸುಮಾರು ಮೂರು ಪಟ್ಟು ವ್ಯತ್ಯಾಸವಿದೆ; ಲಾವಂಚದ ಹನಿ ಮತ್ತೊಂದು ಗಾತ್ರದ್ದು. ‘20 ಹನಿ ತೈಲ, 80 ಹನಿ ಆಲ್ಕೋಹಾಲ್’ ಎಂಬ ಬಗೆಯ ಪಾಕ ಕಂಡರೆ ಮುಂದಿನ ಪುಟಕ್ಕೆ ಹೋಗಿ. ಗ್ರಾಂನ ನೂರನೆಯ ಭಾಗವನ್ನು ತೋರಿಸುವ ಚಿಕ್ಕ ಯಂತ್ರವೊಂದನ್ನು ಕೊಳ್ಳುವುದು ಈ ಹವ್ಯಾಸದಲ್ಲಿ ನೀವು ಮಾಡುವ ಅತ್ಯಂತ ಉಪಯುಕ್ತ ಖರ್ಚು.

ಬೆರೆಸಿದ ದಿನ ಮೂಸಿದರೆ ಆಲ್ಕೋಹಾಲ್‌ನ ಘಾಟೇ ಮುಂದಿರುತ್ತದೆ. ಕತ್ತಲಲ್ಲಿ ಒಂದೆರಡು ವಾರ ಬಿಟ್ಟರೆ ಮೆದುವಾಗುತ್ತದೆ ಎಂಬುದು ನನ್ನ ಅನುಭವ. ತಿಂಗಳುಗಟ್ಟಲೆ ಮಾಗಿಸಬೇಕು ಎನ್ನುವವರ ಮಾತನ್ನು ಒಂಟಿ ಪದಾರ್ಥದ ಮಟ್ಟಿಗೆ ನಾನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ತಳದಲ್ಲಿ ಮಡ್ಡಿ ಕಂಡರೆ ಫಿಲ್ಟರ್ ಕಾಗದದಲ್ಲಿ ಸೋಸಿ.

ಎಥನಾಲ್ ಸಿಗದಿದ್ದರೆ? ಕೆಲವೆಡೆ ಅದನ್ನು ಕೊಳ್ಳಲು ಪರವಾನಗಿ ಬೇಕು. ಆಗ 18 ಗ್ರಾಂ ಜೊಜೊಬಾ ಎಣ್ಣೆ ಹಾಕಿ, ತುದಿಯಲ್ಲಿ ಉರುಳುವ ಗುಂಡು ಇರುವ ಸೀಸೆಗೆ ತುಂಬಿ. ಜೊಜೊಬಾ ಹೆಸರಿಗೆ ಎಣ್ಣೆ, ವಾಸ್ತವದಲ್ಲಿ ದ್ರವರೂಪದ ಮೇಣ; ಹಾಗಾಗಿ ಅಡುಗೆಯ ಎಣ್ಣೆಯಂತೆ ಬೇಗ ಕಮಟು ವಾಸನೆ ಹಿಡಿಯುವುದಿಲ್ಲ. ಪರಿಮಳ ದೂರಕ್ಕೆ ಹರಡುವುದಿಲ್ಲ, ಮೈಗೆ ಅಂಟಿಕೊಂಡೇ ಇರುತ್ತದೆ. ಪಕ್ಕದಲ್ಲಿ ಕೂತವರಿಗೆ ತೊಂದರೆಯಾಗಬಾರದು ಎನ್ನುವವರಿಗೆ ಇದೇ ಒಳ್ಳೆಯದು.

ಕೊಂಡ ತೈಲಕ್ಕೆ ಆಲ್ಕೋಹಾಲ್ ಸುರಿಯುವುದೂ ಒಂದು ಮಾಡುವಿಕೆಯೇ? ಪದಾರ್ಥದಿಂದ ಪರಿಮಳವನ್ನು ನಾನೇ ತೆಗೆಯಬೇಕು ಎಂದು ನಿಮಗನ್ನಿಸಿದರೆ ವೆನಿಲಾ ಹಿಡಿಯಿರಿ. ಗಿಡದಿಂದ ಕಿತ್ತ ಹಸಿರು ವೆನಿಲಾ ಕೋಡಿಗೆ ಹೇಳಿಕೊಳ್ಳುವಂಥ ಪರಿಮಳವಿಲ್ಲ. ಅದರ ವೆನಿಲಿನ್ ಸಕ್ಕರೆಯ ಅಣುವಿಗೆ ಕಟ್ಟಿಬಿದ್ದಿರುತ್ತದೆ. ಬೆವರಿಸಿ ಒಣಗಿಸುವ ತಿಂಗಳುಗಳಲ್ಲಿ ಆ ಕಟ್ಟು ಬಿಚ್ಚುತ್ತದೆ. ಅಂದರೆ ಅಂಗಡಿಯಲ್ಲಿ ಸಿಗುವ ಕಪ್ಪು ಕೋಡಿನಲ್ಲಿ ಕಷ್ಟದ ಕೆಲಸ ಮುಗಿದಿದೆ.

10 ಗ್ರಾಂ ಕೋಡನ್ನು ಉದ್ದಕ್ಕೆ ಸೀಳಿ. ಚಾಕುವಿನ ಬೆನ್ನಿಗೆ ಜಿಗುಟಾದ ಕಪ್ಪು ಬೀಜದ ರಾಡಿ ಮೆತ್ತಿಕೊಳ್ಳುತ್ತದೆ. ಅದನ್ನು ಒರೆಸಿ ಎಸೆಯಬೇಡಿ, ಸೀಸೆಗೇ ಹಾಕಿ. ಕೋಡನ್ನು ಬೆರಳುಗುರಿನಷ್ಟು ತುಂಡುಗಳಾಗಿ ಕತ್ತರಿಸಿ, ಒಂದೆರಡು ದಿನ ಕಾಗದದ ಮೇಲೆ ಆರಲು ಬಿಡಿ, ತೇವ ಕಡಿಮೆಯಾದಷ್ಟೂ ಒಳ್ಳೆಯದು. ನಂತರ 40 ಗ್ರಾಂ ಎಥನಾಲ್‌ನಲ್ಲಿ ಮುಳುಗಿಸಿ ಕತ್ತಲಲ್ಲಿಡಿ. ದಿನಕ್ಕೊಮ್ಮೆ ಅಲ್ಲಾಡಿಸಿದರೆ ಸಾಕು. ಮೊದಲ ಸಂಜೆಯೇ ಚಹಾದ ಬಣ್ಣ, ವಾರದೊಳಗೆ ಗಾಢ ಕಂದು. ಐದಾರು ವಾರದ ನಂತರ ಒಂದು ರಾತ್ರಿ ಫ್ರೀಜರ್‌ನಲ್ಲಿಟ್ಟು, ತಣ್ಣಗಿರುವಾಗಲೇ ಸೋಸಿ. ಕರಗಿದ್ದ ಮೇಣದ ಅಂಶ ಚಳಿಗೆ ಹೆಪ್ಪುಗಟ್ಟಿ ಕಾಗದದಲ್ಲೇ ಉಳಿಯುತ್ತದೆ. ತಾಜಾ ಹೂವಿನಂತೆ ಇದನ್ನೂ ಎಣ್ಣೆಯಲ್ಲಿ ನೆನೆಸಬಹುದೇ ಎಂದರೆ ಬೇಡ, ವೆನಿಲಿನ್ ಎಣ್ಣೆಯಲ್ಲಿ ಸರಿಯಾಗಿ ಕರಗುವುದಿಲ್ಲ.

ಅತಿಯಾಸೆ ಇಟ್ಟುಕೊಳ್ಳಬೇಡಿ. ಒಳ್ಳೆಯ ಕೋಡಿನಲ್ಲಿ ವೆನಿಲಿನ್ ಶೇ 2ರ ಆಸುಪಾಸು. 10 ಗ್ರಾಂನಲ್ಲಿ ಇರುವುದೇ 0.2 ಗ್ರಾಂ, ಪೂರ್ತಿ ಬಿಟ್ಟುಕೊಟ್ಟರೂ ನಿಮ್ಮ ದ್ರವದಲ್ಲಿ ಶೇ 0.5 ದಾಟುವುದಿಲ್ಲ. ಲಾವಂಚದ ಶೇ 10ರ ಮುಂದೆ ಇದು ಪಿಸುಮಾತು. ಗಟ್ಟಿಯಾಗಬೇಕಾದರೆ ಸೋಸಿದ ದ್ರವಕ್ಕೇ ಹೊಸ ಕೋಡು ಹಾಕಿ ಇನ್ನೊಂದು ಸುತ್ತು ನೆನೆಸಿ. ಮತ್ತು ದಯವಿಟ್ಟು ಬಟ್ಟೆಯ ಮೇಲೆ ಸಿಂಪಡಿಸಬೇಡಿ. ನನ್ನ ಒಂದು ಬಿಳಿ ಅಂಗಿಯ ಕಾಲರಿನ ಕೆಳಗೆ ನಾಣ್ಯದಗಲದ ಕಂದು ಕಲೆ ಇವತ್ತಿಗೂ ಇದೆ, ಎಷ್ಟು ಒಗೆದರೂ ಮಾಸಿಲ್ಲ.

ಯಾವುದನ್ನು ಮಾಡಿದರೂ ಮೊದಲು ಮೊಣಕೈಯ ಒಳಮಡಿಕೆಗೆ ಒಂದು ಹನಿ ಹಚ್ಚಿ ಎರಡು ದಿನ ನೋಡಿ. ತುರಿಕೆ, ಕೆಂಪು ಕಾಣದಿದ್ದರೆ ಮುಂದುವರಿಯಿರಿ. ಹಚ್ಚಿಕೊಂಡು ಹತ್ತು ನಿಮಿಷಕ್ಕೇ ಪರಿಮಳ ಹೋಯಿತು ಎನ್ನಿಸಿದರೆ ಮತ್ತೆ ಸುರಿದುಕೊಳ್ಳಬೇಡಿ. ಮೂಗು ಒಂದೇ ವಾಸನೆಗೆ ಬೇಗ ಒಗ್ಗಿ ಅದನ್ನು ವರದಿ ಮಾಡುವುದನ್ನೇ ನಿಲ್ಲಿಸುತ್ತದೆ, ಒಂಟಿ ಪದಾರ್ಥಕ್ಕಂತೂ ಇನ್ನೂ ಬೇಗ. ಹೊರಗೆ ಒಂದು ಸುತ್ತು ಹೋಗಿಬನ್ನಿ, ಇಲ್ಲವೇ ಮನೆಯಲ್ಲಿ ಯಾರನ್ನಾದರೂ ಕೇಳಿ.

ಗುಲಾಬಿ ನೀರಿದ್ದ ಆ ಸೀಸೆಯನ್ನು ಎಸೆಯಬೇಕಿಲ್ಲ. ಬಿಸಿನೀರು, ಸಾಬೂನಿನಿಂದ ತೊಳೆದು, ಪೂರ್ತಿ ಒಣಗಿಸಿ, ಕೊನೆಗೆ ಒಂದು ಚಮಚ ಎಥನಾಲ್ ಹಾಕಿ ಕುಲುಕಿ ಚೆಲ್ಲಿ; ಗಾಜು ವಾಸನೆ ಹಿಡಿದಿಟ್ಟುಕೊಳ್ಳುವುದಿಲ್ಲ. ಮುಚ್ಚಳ ಪ್ಲಾಸ್ಟಿಕ್ಕಿನದಾದರೆ ಅದನ್ನು ಮಾತ್ರ ಬದಲಿಸಿ, ಅದು ನೆನಪಿಟ್ಟುಕೊಳ್ಳುತ್ತದೆ.